ರಾಳದೊಳಗಿನ ಕಣಜ



ಕನ್ನಡದಲ್ಲಿ ‘ಕಣಜ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಸುಗ್ಗಿಯ ಧಾನ್ಯವನ್ನು ತುಂಬಿಡುವ ತಾವೂ ಕಣಜ, ಕೆಣಕಿದರೆ ಕುಟುಕುವ ಹುಳುವೂ ಕಣಜ. ಮೊದಲನೆಯದು ಸದಾ ತುಂಬಿರಲೆಂದು ದೇವರನ್ನು ಬೇಡುತ್ತೇವೆ. ಎರಡನೆಯದು ಸೂರಿನಡಿ ಗೂಡು ಕಟ್ಟಿದರೆ ಹೊಗೆಯಿಟ್ಟು ಓಡಿಸುತ್ತೇವೆ. ಈ ತಿಂಗಳು ಎರಡನೆಯ ಕಣಜದ ಕುರಿತು ಕೆಲವು ವಿಚಾರಗಳನ್ನು ನಿಮ್ಮೊಡನೆ ಹಂಚಿಕೊಳ್ಳಲು ಬಯಸುತ್ತೇನೆ. ಚಿಂತನೆಯ ಪುಟಕ್ಕೆ ಇದು ತಕ್ಕ ವಿಷಯವೇ ಎಂದು ನೀವು ಕೇಳಬಹುದು. ಕೊನೆಯವರೆಗೂ ಓದಿ, ಬಳಿಕ ನೀವೇ ತೀರ್ಮಾನಿಸಿರಿ.

ಮನೆಯ ಗೋಡೆಯ ಮೂಲೆಯಲ್ಲಿ, ಪಟದ ಹಿಂದೆ, ಮಣ್ಣಿನ ಪುಟ್ಟ ಗೂಡು ಕಟ್ಟುವ ಕುಂಬಾರ ಹುಳುವನ್ನು ನೋಡದವರು ಯಾರಿದ್ದಾರೆ? ಅದು ಹಸಿರು ಹುಳುಗಳನ್ನು ಹೊತ್ತು ತಂದು ಗೂಡಿನೊಳಗಿರಿಸಿ ಬಾಯಿ ಮುಚ್ಚುತ್ತದೆ. ಕೆಲವು ವಾರಗಳ ಮೇಲೆ ಅದೇ ಗೂಡನ್ನು ಕೊರೆದುಕೊಂಡು ಹೊಸ ಕುಂಬಾರ ಹುಳುವೊಂದು ಹೊರಬರುತ್ತದೆ. ಇದನ್ನು ಕಂಡ ನಮ್ಮ ಹಿರಿಯರು, ಹಸಿರು ಹುಳುವೇ ಕಣಜವನ್ನು ಧ್ಯಾನಿಸಿ ಧ್ಯಾನಿಸಿ ಕಣಜವಾಯಿತೆಂದು ಭಾವಿಸಿದರು. ‘ಕೀಟ-ಭ್ರಮರ ನ್ಯಾಯ’ ಎಂಬ ಮಾತು ಹುಟ್ಟಿದ್ದು ಹೀಗೆ. ಶರಣರ ವಚನಗಳಲ್ಲಿಯೂ ಕೀಡಿ ಮತ್ತು ಕುಂಡಲಿಗನ ಈ ಹೋಲಿಕೆ ಬರುತ್ತದೆ. ಗುರುವಿನ ಸ್ಪರ್ಶದಿಂದ ಶಿಷ್ಯನು ಗುರುವಿನಂತೆಯೇ ಆಗುತ್ತಾನೆ ಎಂಬುದು ಅದರ ಭಾವ. ಉಪಮೆಯಾಗಿ ಅದು ಇಂದಿಗೂ ಸುಂದರ.

ಆದರೆ ಗೂಡಿನೊಳಗೆ ನಡೆಯುವ ಸಂಗತಿ ಬೇರೆ. ತಾಯಿ ಕಣಜವು ಹುಳುವನ್ನು ಕೊಲ್ಲುವುದಿಲ್ಲ. ಕುಟುಕಿ, ಅಲುಗಾಡದಂತೆ ಮಾಡಿ, ಜೀವಂತವಾಗಿಯೇ ಇರಿಸುತ್ತದೆ. ಸತ್ತರೆ ಕೊಳೆಯುತ್ತದೆಯಲ್ಲವೇ? ಗೂಡಿನಲ್ಲಿ ಅದು ಇಟ್ಟ ತತ್ತಿಯೊಡೆದು ಬರುವ ಮರಿಯು ಆ ಜೀವಂತ ಹುಳುವನ್ನು ತಿಂದು ಬೆಳೆಯುತ್ತದೆ. ಹಸಿರು ಹುಳು ಕಣಜವಾಗುವುದಿಲ್ಲ, ಕಣಜದ ಮರಿಗೆ ಊಟವಾಗುತ್ತದೆ.

ಕುಂಬಾರ ಹುಳುವಿಗಿಂತಲೂ ಒಂದು ಹೆಜ್ಜೆ ಮುಂದೆ ಹೋದ ಕಣಜಗಳಿವೆ. ಕೃಷಿ ವಿಜ್ಞಾನಿಗಳು ಇವನ್ನು ಪರತಂತ್ರ ಜೀವಿಗಳೆನ್ನುತ್ತಾರೆ. ಇವು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಸೂಜಿಯಂಥ ಅಂಗವೊಂದನ್ನು ಬೇರೊಂದು ಕೀಟದ ದೇಹಕ್ಕೆ ಚುಚ್ಚಿ ತತ್ತಿಯನ್ನು ಅಲ್ಲಿಯೇ ಇಟ್ಟುಬಿಡುತ್ತವೆ. ಇವುಗಳ ಮರಿ ಹಲವು ವೇಳೆ ಪ್ರಾಣಕ್ಕೆ ಅವಶ್ಯವಾದ ಅಂಗಗಳನ್ನು ಕೊನೆಗೆ ಉಳಿಸಿಕೊಂಡು ಉಳಿದುದನ್ನು ಮೊದಲು ತಿನ್ನುತ್ತದೆ. ಆಶ್ರಯ ಕೊಟ್ಟ ಕೀಟ ಮೇಯುತ್ತಲೇ, ತೆವಳುತ್ತಲೇ ಒಳಗಿನಿಂದ ಬರಿದಾಗುತ್ತದೆ. ಹೇನು, ಉಣ್ಣೆಗಳು ರಕ್ತ ಹೀರಿದರೂ ಆಶ್ರಯ ಕೊಟ್ಟ ಪ್ರಾಣಿಯನ್ನು ಸಾಮಾನ್ಯವಾಗಿ ಬದುಕಗೊಡುತ್ತವೆ. ಈ ಕಣಜಗಳು ಹಾಗಲ್ಲ. ಇವುಗಳ ಜನನವೆಂದರೆ ಇನ್ನೊಂದರ ಮರಣವೇ.

ಸೃಷ್ಟಿಯ ಚೆಲುವನ್ನು ಕುರಿತು ಉಪದೇಶ ಮಾಡುವಾಗ ನಾವು ಗುರುಗಳು ನೈದಿಲೆಯನ್ನು, ನವಿಲನ್ನು, ಹಸುವಿನ ಕರುವನ್ನು ನೆನೆಯುತ್ತೇವೆ. ಈ ಕಣಜವನ್ನು ನೆನೆಯುವವರು ಕಡಿಮೆ. ಆದರೆ ಚಾರ್ಲ್ಸ್ ಡಾರ್ವಿನ್ ಅದನ್ನು ಮರೆಯಲಿಲ್ಲ. ಆಂಗ್ಲಿಕನ್ ಸಭೆಯ ಪಾದ್ರಿಯಾಗುವ ಉದ್ದೇಶದಿಂದ ಕೇಂಬ್ರಿಡ್ಜಿನಲ್ಲಿ ಓದಿದ್ದ ಆತ, 1860ರ ಮೇ ತಿಂಗಳಲ್ಲಿ ತನ್ನ ಸ್ನೇಹಿತನೂ ದೈವಭಕ್ತನೂ ಆದ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಒಂದು ಪತ್ರ ಬರೆದ. ಜೀವಂತ ಕಂಬಳಿಹುಳುವಿನೊಳಗೆ ಉಣ್ಣಲೆಂದೇ ಇಂಥ ಕಣಜಗಳನ್ನು ದಯಾಮಯನೂ ಸರ್ವಶಕ್ತನೂ ಆದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲು ತನ್ನ ಮನಸ್ಸು ಒಪ್ಪದು ಎಂಬುದು ಅದರಲ್ಲಿನ ಒಂದು ಮಾತಿನ ಸಾರಾಂಶ. ಇದು ದೇವರನ್ನು ಹೀಗಳೆಯುವವನ ಮಾತಲ್ಲ, ನೊಂದವನ ಮಾತು. ನೊಂದವರ ಪ್ರಶ್ನೆಗೆ ಧರ್ಮಸಭೆ ಕಿವಿ ಮುಚ್ಚಿಕೊಳ್ಳಲಾಗದು.

ಈ ಪ್ರಶ್ನೆಗೆ ಬಹುಕಾಲದಿಂದ ಒಂದು ಸುಲಭದ ಉತ್ತರ ಪ್ರಚಲಿತವಾಗಿದೆ: ಆದಿಯಲ್ಲಿ ಎಲ್ಲವೂ ಸೌಮ್ಯವಾಗಿತ್ತು, ಹುಲಿಯೂ ಹುಲ್ಲು ಮೇಯುತ್ತಿತ್ತು, ಆದಾಮನು ಪಾಪ ಮಾಡಿದ ಮೇಲೆಯೇ ಜಗತ್ತಿಗೆ ನೋವು, ಕೊಲೆ, ಸಾವುಗಳು ಬಂದವು, ಆದುದರಿಂದ ಎಲ್ಲಿ ನೋವಿದೆಯೋ ಅಲ್ಲಿ ಯಾರದೋ ಪಾಪವಿದೆ. ಈ ಉತ್ತರ ಸರಿಯೇ ಎಂಬುದನ್ನು ಪರೀಕ್ಷಿಸಲು ನಮಗೊಬ್ಬ ಸಾಕ್ಷಿ ಬೇಕು. ಮನುಷ್ಯನಿಗಿಂತ ಮೊದಲಿದ್ದ ಸಾಕ್ಷಿ. ಅಂಥ ಸಾಕ್ಷಿ ಮರದ ರಾಳದೊಳಗೆ ದೊರಕಿದೆ.

ಪಶ್ಚಿಮ ಘಟ್ಟದ ಧೂಪದ ಮರವನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ತೊಗಟೆಗೆ ಗಾಯವಾದರೆ ಅದರಿಂದ ರಾಳ ಒಸರುತ್ತದೆ. ಅದನ್ನು ಕೆಂಡದ ಮೇಲೆ ಹಾಕಿದರೆ ಧೂಪವಾಗುತ್ತದೆ. ಇಂಥ ರಾಳ ಒಸರುವಾಗ ಅತ್ತ ಸುಳಿದ ಇರುವೆಯೋ ನೊಣವೋ ಅದರಲ್ಲಿ ಸಿಲುಕಿಕೊಳ್ಳುತ್ತದೆ. ರಾಳ ಮಣ್ಣಿನಡಿ ಸೇರಿ ಕೋಟ್ಯಂತರ ವರ್ಷ ಕಳೆದರೆ ಕಲ್ಲಿನಂತೆ ಗಟ್ಟಿಯಾಗಿ, ಜೇನಿನ ಬಣ್ಣದ ಪಾರದರ್ಶಕ ಗಟ್ಟಿಯಾಗುತ್ತದೆ. ಅದೇ ಅಂಬರ್. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಎಂಬಲ್ಲಿನ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಗಳಷ್ಟು ಹಳೆಯ ಅಂಬರ್ ಹೇರಳವಾಗಿ ಸಿಕ್ಕಿತು. ಭಾರತ, ಜರ್ಮನಿ, ಅಮೆರಿಕಗಳ ವಿಜ್ಞಾನಿಗಳು 2010ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಇರುವೆ, ಗೆದ್ದಲು, ಜೇನ್ನೊಣದ ಬಳಗದವು ಸೇರಿ 700ಕ್ಕೂ ಹೆಚ್ಚು ಕೀಟಾದಿಗಳು ಅದರೊಳಗಿದ್ದವು. ಆ ರಾಳವನ್ನು ಒಸರಿದ್ದು ನಮ್ಮ ಧೂಪದ ಮರದ ಕುಟುಂಬಕ್ಕೇ ಸೇರಿದ ಮರಗಳು ಎಂದು ತಿಳಿದಾಗ ನನಗೆ ಆದ ಬೆರಗು ಅಷ್ಟಿಷ್ಟಲ್ಲ.

ನಮ್ಮ ಪ್ರಶ್ನೆಗೆ ಬೇಕಾದ ಸಾಕ್ಷಿ ಇನ್ನೂ ಹಳೆಯದು. ನೆರೆಯ ಮ್ಯಾನ್ಮಾರ್ ದೇಶದ ಕಾಚಿನ್ ಪ್ರಾಂತ್ಯದ ಅಂಬರಿಗೆ ಸುಮಾರು 9.9 ಕೋಟಿ ವರ್ಷ ವಯಸ್ಸು. ಅದು ಡೈನೋಸಾರುಗಳ ಕಾಲ. 2012ರಲ್ಲಿ ಅಮೆರಿಕದ ವಿಜ್ಞಾನಿ ಜಾರ್ಜ್ ಪೊಯ್ನರ್ ಅಲ್ಲಿನ ಒಂದು ತುಣುಕನ್ನು ವರ್ಣಿಸಿದರು. ಅದರೊಳಗೆ ಜೇಡವೊಂದು ತನ್ನ ಬಲೆಗೆ ಬಿದ್ದ ಪುಟ್ಟ ಕಣಜದ ಮೇಲೆ ಎರಗುತ್ತಿದೆ. ಬಲೆಯ ಎಳೆಗಳೂ ಹಾಗೆಯೇ ಉಳಿದಿವೆ. ಆ ಕಣಜವಾದರೂ ಎಂಥದು? ಅದರ ಇಂದಿನ ಬಂಧುಗಳು ಜೇಡಗಳ ಮತ್ತು ಕೀಟಗಳ ತತ್ತಿಯೊಳಗೆ ತಮ್ಮ ತತ್ತಿಯನ್ನಿಟ್ಟು ಅವನ್ನು ಕೊಲ್ಲುವಂಥವು. ಜೇಡಗಳಿಗೆ ಹಗೆಯಾದ ವಂಶದ ಕಣಜ ಜೇಡನಿಗೇ ಸಿಕ್ಕಿಬಿದ್ದಿದೆ. ಅಷ್ಟರಲ್ಲಿ ರಾಳ ಹರಿದು ಎರಡನ್ನೂ ಮುಚ್ಚಿದೆ. ಎರಗಿದ ಜೇಡ ಇನ್ನೂ ಕಚ್ಚಿಲ್ಲ.

2025ರಲ್ಲಿ ಅದೇ ಕಾಚಿನ್ ಅಂಬರಿನಿಂದ ಮತ್ತೊಂದು ಪರತಂತ್ರ ಕಣಜದ ವರ್ಣನೆ ಪ್ರಕಟವಾಯಿತು. ಅದಕ್ಕಿಟ್ಟ ಹೆಸರು ಸೈರನೊಬೆಥೈಲಸ್ ಕರಿಬ್ಡಿಸ್. ಈ ಹೆಣ್ಣು ಕಣಜದ ಹೊಟ್ಟೆಯ ತುದಿಯಲ್ಲಿ ಕೀಟ ಹಿಡಿಯುವ ಗಿಡದ ಎಲೆಯಂತೆ ಮುಚ್ಚಿಕೊಳ್ಳುವ, ಕೂದಲುಗಳಿರುವ ಮಡಿಕೆಗಳಿವೆ. ಆಶ್ರಯ ಕೀಟವನ್ನು ಅದರಿಂದ ಅಮುಕಿ ಹಿಡಿದು, ತತ್ತಿಯಿಟ್ಟು ಬಿಡುತ್ತಿತ್ತೆಂಬುದು ವಿಜ್ಞಾನಿಗಳ ಊಹೆ. ಅಂಬರಿನಲ್ಲಿ ಸಿಗದ ಒಳಗಿನ ದೃಶ್ಯವನ್ನು ಫ್ರಾನ್ಸಿನ ಕಲ್ಲುಗಳು ತೋರಿಸಿಕೊಟ್ಟಿವೆ. ಕ್ಯೂರ್ಸಿ ಎಂಬಲ್ಲಿ ಕಲ್ಲಾಗಿ ಉಳಿದ, 3.4 ಕೋಟಿ ವರ್ಷಗಳಿಗಿಂತ ಹಳೆಯ 1,510 ನೊಣದ ಕೋಶಗಳನ್ನು ಜರ್ಮನಿಯ ವಿಜ್ಞಾನಿಗಳು ಪ್ರಬಲ ಕ್ಷ-ಕಿರಣಗಳಿಂದ ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. ಅವುಗಳಲ್ಲಿ 55ರೊಳಗೆ ನೊಣದ ಬದಲು ಕಣಜವಿತ್ತು.

ಇಂದಿನ ಮನುಷ್ಯಜಾತಿಗೆ ವಿಜ್ಞಾನ ಹೇಳುವ ವಯಸ್ಸು ಸುಮಾರು 3 ಲಕ್ಷ ವರ್ಷ. ಕಾಚಿನ್ ಅಂಬರಿನ ವಯಸ್ಸು ಅದರ 300 ಪಟ್ಟಿಗೂ ಮಿಗಿಲು. ಪಾಪ ಮಾಡಬಲ್ಲ ಒಬ್ಬನೇ ಒಬ್ಬ ಮನುಷ್ಯನೂ ಈ ನೆಲದ ಮೇಲಿರದಿದ್ದ ಕಾಲದಲ್ಲಿಯೂ ಕಣಜ ತನ್ನ ಸೂಜಿಯನ್ನು ಚುಚ್ಚುತ್ತಿತ್ತು, ಹುಳು ಒಳಗಿನಿಂದ ಬರಿದಾಗುತ್ತಿತ್ತು. ಹಾಗಾದರೆ ಆ ಹುಳು ಸತ್ತದ್ದು ಯಾರ ಪಾಪಕ್ಕೆ?

ಈ ಪ್ರಶ್ನೆ ಕೇವಲ ಪುಸ್ತಕದ್ದಲ್ಲವೆಂದು ನನಗೆ ಮನದಟ್ಟಾದದ್ದು ಕೃಷ್ಣಾ ತೀರದ ಯಡೂರಿನಲ್ಲಿ. ಚಿಕ್ಕೋಡಿ ತಾಲ್ಲೂಕಿನ ಈ ಊರನ್ನು ವೀರಭದ್ರ ದೇವರ ಗುಡಿಯಿಂದಾಗಿ ನೀವು ಬಲ್ಲಿರಿ. ಮಳೆಗಾಲದಲ್ಲಿ ಕಲ್ಲೋಳ-ಯಡೂರು ಸೇತುವೆ ನೀರಿನಡಿ ಮುಳುಗುವ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಲ್ಲಿ ನನಗೆ ಪರಿಚಯದ ಒಂದು ರೈತ ಕುಟುಂಬವಿದೆ. 2019ರ ಆಗಸ್ಟಿನ ಮಹಾಪೂರದಲ್ಲಿ ಅವರ ಕಬ್ಬು ನೀರಿನಲ್ಲಿ ನಿಂತು ಕೊಳೆಯಿತು. ಅದೇ ವರ್ಷದ ಕೊನೆಯಲ್ಲಿ ಹನ್ನೊಂದು ವರ್ಷದ ಮಗಳು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. 2020ರ ಫೆಬ್ರವರಿಯಲ್ಲಿ ನಾನು ಅವರನ್ನು ಕಾಣಲು ಹೋದೆ.

ಮನೆಯ ಯಜಮಾನ ಹೆಚ್ಚು ಮಾತನಾಡಲಿಲ್ಲ. “ಬರ್ರಿ ಫಾದರ್, ಹೊಲಾ ನೋಡಿ ಬರೂಣು” ಎಂದು ಹೊಸದಾಗಿ ನೆಟ್ಟ ಕಬ್ಬಿನ ಕಡೆಗೆ ಕರೆದುಕೊಂಡು ಹೋದರು. ಕೈಯಲ್ಲಿ ಅಂಚೆ ಕಾರ್ಡಿನಂಥ ದಪ್ಪ ಕಾಗದ. ಅದರ ಮೇಲೆ ಗಸಗಸೆ ಅಂಟಿಸಿದಂತೆ ಕಪ್ಪು ಚುಕ್ಕೆಗಳು. ಅದನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕಬ್ಬಿನ ಎಲೆಯ ಕೆಳಗೆ ಚುಚ್ಚುತ್ತ ಅವರೆಂದರು: “ಟ್ರೈಕೊ ಕಾರ್ಡ್ ಅಂತಾರ್ರಿ ಇದಕ್ಕ. ಹತ್ತಿಪ್ಪತ್ತು ಸಾವಿರ ತತ್ತಿ ಅದಾವ. ತತ್ತಿ ಪತಂಗದ್ದು, ಒಳಗಿರೂದು ಕಣಜ. ಹೊರಗ ಬಂದು ಸುಳಿ ಕೊರಿಯೂ ಹುಳದ ತತ್ತಿ ಹುಡುಕಿ ಹುಡುಕಿ ಮುಗಸ್ತಾವ. ಎಣ್ಣಿ ಹೊಡಿಯೂ ಖರ್ಚ ಉಳಿತದ.”

ಟ್ರೈಕೊಗ್ರಾಮಾ ಎಂಬ ಆ ಕಣಜ ಅರ್ಧ ಮಿಲಿಮೀಟರಿನಷ್ಟು ಚಿಕ್ಕದು. ಧಾನ್ಯ ತಿನ್ನುವ ಪತಂಗದ ತತ್ತಿಯಲ್ಲಿ ಅದನ್ನು ಬೆಳೆಸಿ ಕಾರ್ಡಿಗೆ ಅಂಟಿಸುತ್ತಾರೆ. ಈ ಭಾಗದ ರೈತರಿಗೆ ಪರತಂತ್ರ ಕಣಜಗಳ ಉಪಕಾರ ಹೊಸದೇನಲ್ಲ. 2002ರಲ್ಲಿ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು, ಮರಾಠಿಯವರು ಲೋಕರಿ ಮಾವಾ ಎನ್ನುವ ಪಿಡುಗು, ಬೆಳಗಾವಿಯ ಕಬ್ಬನ್ನೂ ಮುತ್ತಿ ಹಾಳುಗೆಡವಿತ್ತು. ಆಗ ವಿಷ ಸಿಂಪಡಿಸಿ ಬೇಸತ್ತವರಿಗೆ ನೆರವಾದದ್ದು ಆ ಹೇನನ್ನು ತಿನ್ನುವ ಕೀಟಗಳು ಮತ್ತು ಈಶಾನ್ಯ ಭಾರತದಿಂದ ತಂದು ಬಿಟ್ಟ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ. ಹುಳುವಿನ ಕಡೆಯಿಂದ ನೋಡಿದರೆ ಕ್ರೂರವಾಗಿ ಕಾಣುವ ಜೀವಿಯೇ ರೈತನ ಕಡೆಯಿಂದ ನೋಡಿದರೆ ಕಣಜ ತುಂಬಿಸುವ ಕಣಜ!

ಮನೆಗೆ ಮರಳಿ ಪ್ರಾರ್ಥನೆ ಮಾಡಿ ಏಳುವಾಗ, ಅದುವರೆಗೆ ಮೂಕಳಾಗಿದ್ದ ತಾಯಿ ಬಾಗಿಲ ಬಳಿ ನಿಂತು ಕೇಳಿದಳು: “ಫಾದರ್, ಮನ್ಯಾಗ ಪಾಪ ಇದ್ದರನ ಹಿಂಗ ಆಗ್ತದ ಅಂತ ಬಂದವರು ಹೇಳಿ ಹ್ವಾದ್ರು. ನನ್ನ ಕೂಸು ಏನ ಪಾಪ ಮಾಡಿತ್ತರಿ? ಇಲ್ಲಾ ನಾವರ ಏನ ಮಾಡಿದ್ವಿ?”

ಪ್ರಿಯರೇ, ಇಂಥ ಪ್ರಶ್ನೆ ನಿಮ್ಮ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಕೇಳಿಬಂದಿರಬಹುದು. ನಾನು ಆ ತಾಯಿಗೆ ಹೇಳಿದ್ದು ಇಷ್ಟೇ: “ಇಲ್ಲಮ್ಮಾ, ನಿನ್ನ ಮಗಳ ರೋಗ ಯಾರ ಪಾಪದ ಫಲವೂ ಅಲ್ಲ. ಹಾಗೆಂದು ಹೇಳಿದವರು ದೇವರ ಪರವಾಗಿ ಮಾತನಾಡಲಿಲ್ಲ.” ನನ್ನ ಈ ಮಾತಿಗೆ ಆಧಾರ ಎರಡು. ಮೊದಲನೆಯದು ಪ್ರಭು ಯೇಸುವಿನದೇ. ಹುಟ್ಟುಕುರುಡನನ್ನು ತೋರಿಸಿ, ಇದು ಯಾರ ಪಾಪದಿಂದಾಯಿತು, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದರು. ಬಳಿಕ ಬಾಗಿ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯವನ್ನು ಮನೆಯವರೆಲ್ಲ ಕೂಡಿ ಓದಿರಿ. ಎರಡನೆಯ ಆಧಾರ ಆ ಅಂಬರಿನ ಕಣಜ. ನೋವು ಪಾಪಕ್ಕಿಂತ ಹಳೆಯದು ಎಂದು ಅದು ಕೋಟ್ಯಂತರ ವರ್ಷಗಳಿಂದ ಸಾಕ್ಷಿ ನುಡಿಯುತ್ತಿದೆ.

ಇದರಿಂದ ವಿಶ್ವಾಸಕ್ಕೆ ಕುಂದು ಬರುವುದೆಂದು ಯಾರೂ ಅಂಜಬೇಕಾಗಿಲ್ಲ. ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ, ಇಂದು ಮಾಂಸ ತಿನ್ನುವ ಸಿಂಹ, ಗಿಡುಗಗಳು ಆಗ ಸೊಪ್ಪು ತಿನ್ನುತ್ತಿದ್ದವೆನ್ನುವುದು ಸರಿಯಲ್ಲ ಎಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲಿಯೇ ಬರೆದಿದ್ದಾರೆ; ಗುರುಮಠದಲ್ಲಿ ನಾವು ಅದನ್ನು ಓದಿದ್ದೇವೆ. ಜೀವವಿಕಾಸವು ಬರಿಯ ಊಹೆಗಿಂತ ಮಿಗಿಲಾದುದೆಂದು ಜಗದ್ಗುರು ಎರಡನೇ ಜಾನ್ ಪೌಲರು 1996ರಲ್ಲಿ ಹೇಳಿದರು. ಇನ್ನು ಜಾನ್-ಜಾಕ್ ಕೀಫರ್ ಎಂಬ ಕಥೋಲಿಕ ಗುರುವನ್ನು ನೋಡಿರಿ. 1857ರಿಂದ 1925ರವರೆಗೆ ಬಾಳಿದ ಅವರು ಫ್ರಾನ್ಸ್-ಜರ್ಮನಿ ಗಡಿಯ ಲೊರೇನ್ ಪ್ರಾಂತ್ಯದ ಬಿಚ್ ಎಂಬ ಊರಿನಲ್ಲಿ ಶಿಕ್ಷಕರಾಗಿದ್ದುಕೊಂಡೇ ಪರತಂತ್ರ ಕಣಜಗಳ ಜಾತಿಗಳನ್ನು ಒಂದೊಂದಾಗಿ ಗುರುತಿಸಿ ಹೆಸರಿಟ್ಟರು. ಡಾರ್ವಿನ್ ಯಾವ ಬಗೆಯ ಜೀವಿಯನ್ನು ಕಂಡು ನೊಂದನೋ ಆ ಬಗೆಯ ಜೀವಿಗಳ ಮುಂದೆಯೇ ಒಬ್ಬ ಗುರು ಜೀವಮಾನವಿಡೀ ಕುಳಿತಿದ್ದರು.

ಹಾಗಾದರೆ ದೇವರು ಇದನ್ನೇಕೆ ಹೀಗೆ ಮಾಡಿದರು? ಯೋಬನೂ ಇದನ್ನೇ ಕೇಳಿದ. ಅವನ ಗ್ರಂಥದ ಕೊನೆಯ ಅಧ್ಯಾಯಗಳಲ್ಲಿ ದೇವರು ಮಾತನಾಡುವಾಗ ಕಾರಣ ಕೊಡುವುದಿಲ್ಲ. ಬೇಟೆಗೆ ಹೊಂಚುವ ಸಿಂಹವನ್ನೂ ರಕ್ತ ಹೀರುವ ಹದ್ದಿನ ಮರಿಗಳನ್ನೂ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಆದರೆ ಯೋಬನ ನೋವಿಗೆ ಅವನ ಪಾಪವೇ ಕಾರಣವೆಂದು ವಾದಿಸಿದ ಮೂವರು ಸ್ನೇಹಿತರ ಮೇಲೆ ಮಾತ್ರ ದೇವರು ಕೋಪಗೊಳ್ಳುತ್ತಾರೆ. ಸಂತ ಪೌಲರಾದರೋ ಇಡೀ ಸೃಷ್ಟಿಯೇ ಹೆರಿಗೆ ಬೇನೆಯಲ್ಲಿರುವಂತೆ ನರಳುತ್ತಿದೆಯೆಂದು ರೋಮನರಿಗೆ ಬರೆದರು. ಹೆರಿಗೆ ಬೇನೆ ಶಿಕ್ಷೆಯ ನೋವಲ್ಲ, ಬರಲಿರುವ ಒಂದಕ್ಕಾಗಿ ಕಾಯುವ ನೋವು. ಇದಕ್ಕಿಂತ ಹೆಚ್ಚಿನದನ್ನು ಬಲ್ಲೆನೆಂದು ನಾನು ಹೇಳಲಾರೆ.

ಆದರೆ ಎಚ್ಚರ! ನೋವೆಲ್ಲ ಸೃಷ್ಟಿಯ ಸಹಜ ನಿಯಮವೆಂದು ಕೈತೊಳೆದುಕೊಳ್ಳುವುದೂ ಅಷ್ಟೇ ದೊಡ್ಡ ಸುಳ್ಳು. ಅದಕ್ಕೂ ಅಂಬರೇ ಸಾಕ್ಷಿ. ಕಾಚಿನ್ನಿನ ಅಂಬರ್ ಗಣಿಗಳ ಮೇಲೆ 2017ರಲ್ಲಿ ಮ್ಯಾನ್ಮಾರಿನ ಸೇನೆ ದಾಳಿ ಮಾಡಿ ಹಿಡಿತ ಸಾಧಿಸಿತು. ಸಾವಿರಾರು ಜನ ಮನೆಮಾರು ತೊರೆದು ಓಡಿದರು. ಆ ಅಂಬರಿನ ಮಾರಾಟದ ಹಣ ಯುದ್ಧಕ್ಕೆ ಸಲ್ಲುತ್ತದೆಂಬ ಕಳವಳದಿಂದ, ಅದರಲ್ಲಿನ ಹೊಸ ಪಳೆಯುಳಿಕೆಗಳ ಕುರಿತ ಲೇಖನಗಳನ್ನು ಪ್ರಕಟಿಸಬೇಡಿರೆಂದು ಪಳೆಯುಳಿಕೆ ವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ಸಂಘ 2020ರಲ್ಲಿ ಸಂಶೋಧನಾ ಪತ್ರಿಕೆಗಳಿಗೆ ಮನವಿ ಮಾಡಿತು. ಒಂದೇ ಅಂಬರ್ ತುಣುಕಿನಲ್ಲಿ ಎರಡು ಬಗೆಯ ನೋವು! ಒಳಗಿರುವ ಹುಳುವಿನ ನೋವಿಗೆ ಯಾರೂ ಹೊಣೆಯಲ್ಲ. ಹೊರಗೆ ಅದನ್ನು ಅಗೆದವರ ನೋವಿಗೆ ಮನುಷ್ಯರೇ ಹೊಣೆ. ಕಣಜಕ್ಕೆ ಬೇರೆ ದಾರಿಯಿಲ್ಲ, ನಮಗಿದೆ. ಪಾಪವೆಂಬ ಮಾತು ಸಲ್ಲುವುದು ದಾರಿಯಿದ್ದೂ ತಪ್ಪಿದವರಿಗೆ ಮಾತ್ರ.

ನಮ್ಮ ಊರುಗಳಲ್ಲಿ ನಾವು ಇದನ್ನು ತಿರುವುಮುರುವು ಮಾಡಿದ್ದೇವೆ. ಮಗುವಿಗೆ ಕ್ಯಾನ್ಸರ್ ಬಂದರೆ ‘ಯಾವ ಪಾಪವೋ’ ಎನ್ನುತ್ತೇವೆ. ಕಬ್ಬು ಕಡಿಯಲು ಬಂದ ಗ್ಯಾಂಗಿನ ಬಾಣಂತಿಗೆ ಒಂದು ದಿನದ ವಿಶ್ರಾಂತಿಯೂ ಸಿಗದಿದ್ದರೆ ‘ಅವರ ಹಣೆಬರಹ’ ಎನ್ನುತ್ತೇವೆ. ಯಾರೂ ಮಾಡದ ಪಾಪವನ್ನು ನೊಂದವರ ತಲೆಗೆ ಕಟ್ಟುತ್ತೇವೆ, ನಾವು ಮಾಡಿದ ಪಾಪವನ್ನು ವಿಧಿಯ ತಲೆಗೆ ಕಟ್ಟುತ್ತೇವೆ.

ಓದುಗರೇ, ಈ ತಿಂಗಳು ನಿಮ್ಮ ನೆರೆಹೊರೆಯಲ್ಲಿ ಯಾರದಾದರೂ ಮನೆಗೆ ಸಾವು ಅಥವಾ ಕಾಯಿಲೆ ಬಂದಿದ್ದರೆ ಹೋಗಿ ಬನ್ನಿರಿ. ಕಾರಣ ಹೇಳಲು ಹೋಗಬೇಡಿರಿ. ಯೋಬನ ಸ್ನೇಹಿತರು ಬಾಯಿ ತೆರೆಯುವ ಮುನ್ನ ಏಳು ದಿನ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು; ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ನೀವೂ ಸ್ವಲ್ಪ ಹೊತ್ತು ಕುಳಿತಿರಿ. ಆ ಮನೆಯ ಒಲೆ ಹೊತ್ತಿದೆಯೇ, ಧಾನ್ಯದ ಕಣಜದಲ್ಲಿ ಕಾಳಿದೆಯೇ ಎಂದು ನೋಡಿರಿ. ಇಲ್ಲವಾದರೆ ನಿಮ್ಮ ಮನೆಯಿಂದ ಒಂದು ಸೇರು ಜೋಳ ಒಯ್ದು ಕೊಡಿರಿ.